ನೀರು ಕೂಡಿಟ್ಟ ಚಿಕ್ಕಪಡಸಲಗಿ ಬೆಳಕನ್ನೂ ಕೂಡಿಡಬಲ್ಲದು

ಜಮಖಂಡಿಯಿಂದ ವಿಜಯಪುರದ ದಾರಿ ಹಿಡಿದರೆ ಕೃಷ್ಣಾ ನದಿ ಎದುರಾಗುವಲ್ಲಿ ಚಿಕ್ಕಪಡಸಲಗಿ. ಸುತ್ತಲೂ ಕಬ್ಬಿನ ಹಸಿರು. ಆ ಹಸಿರಿನ ಬೇರು ನದಿಗೆ ಅಡ್ಡಲಾಗಿ ನಿಂತ ಬ್ಯಾರೇಜಿನಲ್ಲಿದೆ. ಇದನ್ನು ಕಟ್ಟಿದ್ದು ಸರ್ಕಾರವಲ್ಲ, ರೈತರು. ತಾವೇ ಹಣ ಹಾಕಿ, ಶ್ರಮದಾನ ಮಾಡಿ 1989ರಲ್ಲಿ ಮುಗಿಸಿದರು. ಅದಕ್ಕೇ ಅದರ ಹೆಸರು ಶ್ರಮಬಿಂದು ಸಾಗರ.

ಮಳೆಗಾಲದಲ್ಲಿ ದಂಡೆ ಮೀರುವ ಕೃಷ್ಣೆ ಬೇಸಿಗೆಯಲ್ಲಿ ಬತ್ತುತ್ತಿದ್ದಳು. ಹರಿದುಹೋಗುವ ನೀರನ್ನು ತಡೆದು ನಿಲ್ಲಿಸಿದರೆ ಬೇಸಿಗೆ ಬೆಳೆ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೃಷ್ಣಾ ತೀರ ರೈತ ಸಂಘ ಆ ಮಾತನ್ನು ಕೆಲಸವಾಗಿಸಿತು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜನ ಅವರನ್ನು ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಅವರು ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಮೇಲೆತ್ತಿದ ನೀರು

ಆಲಮಟ್ಟಿ ಜಲಾಶಯದ ಹಿನ್ನೀರು ಬ್ಯಾರೇಜಿನ ಕೆಳಭಾಗದವರೆಗೂ ಬರುತ್ತದೆ. ಆ ನೀರನ್ನು ಪಂಪುಗಳಿಂದ ಎತ್ತಿ ಬ್ಯಾರೇಜಿನ ಮೇಲ್ಭಾಗಕ್ಕೆ ತುಂಬಿಸುವ ಕೆಲಸವನ್ನೂ ಇಲ್ಲಿನ ರೈತರು ಮಾಡಿದ್ದಾರೆ. ಇದ್ದಾಗ ಎತ್ತಿಡು, ಇಲ್ಲದಾಗ ಬಳಸು: ಇಂದು ವಿದ್ಯುತ್ ಕ್ಷೇತ್ರಕ್ಕೆ ಬೇಕಾಗಿರುವುದೂ ಇಷ್ಟೇ.

ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಧ್ಯಾಹ್ನ ಮೈದುಂಬಿ ವಿದ್ಯುತ್ ಕೊಡುತ್ತದೆ. ಹೊತ್ತು ಮುಳುಗಿದಾಗ ಅಲ್ಲಿ ಉತ್ಪಾದನೆ ನಿಲ್ಲುತ್ತದೆ. ಮನೆಗಳಲ್ಲಿ ದೀಪ, ಫ್ಯಾನು, ಟಿ.ವಿ. ಹತ್ತುವುದು ಆಗಲೇ. ಮಧ್ಯಾಹ್ನದ್ದನ್ನು ಸಂಜೆಗೆ ಉಳಿಸುವ ಒಂದು ದಾರಿ, ನೀರನ್ನು ಎತ್ತರಕ್ಕೆ ಏರಿಸಿಟ್ಟು ಬೇಕಾದಾಗ ಇಳಿಸಿ ಟರ್ಬೈನ್ ತಿರುಗಿಸುವುದು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿಕೊಂಡಿರುವುದು ಇದಕ್ಕೇ. ಕಾಡು ಹೋಗುತ್ತದೆಂದು ಮಲೆನಾಡಿನ ಜನ ಅದನ್ನು ವಿರೋಧಿಸುತ್ತಿದ್ದಾರೆ.

ಸಾವಿರ ಲೀಟರ್ ನೀರು 400 ಮೀಟರ್ ಇಳಿದರೆ ಸುಮಾರು ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. ಒಂದೇ ಮೀಟರ್ ಇಳಿಯುವುದಾದರೆ ಅಷ್ಟೇ ವಿದ್ಯುತ್ತಿಗೆ ಮೂರೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೇಕು. ಕೃಷ್ಣೆಯ ಈ ಬಯಲಿನಲ್ಲಿ ಆ ಎತ್ತರ ಎಲ್ಲಿದೆ?

ಬಯಲಿಗೆ ಬ್ಯಾಟರಿ

ಬ್ಯಾಟರಿಗೆ ಬೆಟ್ಟ ಬೇಡ, ಕಾಡು ಕಡಿಯಬೇಕಿಲ್ಲ. ಸಬ್‌ಸ್ಟೇಷನ್ ಪಕ್ಕದ ಖಾಲಿ ಜಾಗದಲ್ಲಿ ಕಂಟೇನರುಗಳ ಸಾಲು ನಿಲ್ಲಿಸಿದರಾಯಿತು. ಛತ್ತೀಸಗಡದ ರಾಜನಾಂದಗಾಂವ್‌ನಲ್ಲಿ 2024ರಲ್ಲಿ ಆರಂಭವಾದ ಘಟಕ 40 ಮೆಗಾವ್ಯಾಟ್‌ನಂತೆ ಮೂರು ತಾಸು ವಿದ್ಯುತ್ ಕೊಡಬಲ್ಲದು. ಹತ್ತು ಎಚ್‌.ಪಿ.ಯ ನಾಲ್ಕು ಸಾವಿರಕ್ಕೂ ಹೆಚ್ಚು ಪಂಪ್‌ಸೆಟ್‌ಗಳನ್ನು ಒಟ್ಟಿಗೆ ಓಡಿಸುವಷ್ಟು ಶಕ್ತಿ ಅದು. ತುಂಬಿದ ನೂರು ಯೂನಿಟ್‌ನಲ್ಲಿ ಸುಮಾರು 85 ವಾಪಸು ಬರುತ್ತದೆ. ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ; ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಿ ತಂಪು ಕಾಯುವ ವ್ಯವಸ್ಥೆಗೂ ಬೆಂಕಿಯ ಎಚ್ಚರಕ್ಕೂ ಖರ್ಚು ಮಾಡಲೇಬೇಕು.

ನೀರೆತ್ತುವ ಕೆಲಸಕ್ಕಂತೂ ಬ್ಯಾಟರಿಯೂ ಬೇಡ. ಪಂಪುಗಳು ಹಗಲಿನ ಸೋಲಾರ್ ವಿದ್ಯುತ್ತಿನಲ್ಲೇ ಓಡಲಿ. ರೈತ ನಡುರಾತ್ರಿ ತ್ರಿಫೇಸ್ ಕರೆಂಟಿಗೆ ಕಾದು ಹಾವು, ಚೇಳಿನ ನಡುವೆ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಮಿಕ್ಕಿದ್ದನ್ನು ಬ್ಯಾಟರಿಯಲ್ಲಿಟ್ಟು ಸಂಜೆ ಊರಿಗೆ ಕೊಡಬಹುದು.

ಇಂಥ ಘಟಕಗಳು ದೊಡ್ಡ ಕಂಪನಿಗಳ ಕೈಯಲ್ಲೇ ಇರಬೇಕೆಂದಿಲ್ಲ. ತಮ್ಮ ದುಡ್ಡಿನಿಂದ ನದಿಗೇ ಒಡ್ಡು ಹಾಕಿದವರಿಗೆ ಸಹಕಾರಿ ಸಂಘ ಕಟ್ಟಿ ಬ್ಯಾಟರಿಯಲ್ಲಿ ಪಾಲು ಪಡೆಯುವುದು ಹೊಸ ಪಾಠವಲ್ಲ. ಈ ಭಾಗಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂ ಮತ್ತು ರಾಜ್ಯ ಸರ್ಕಾರ ಅಂಥ ಮೊದಲ ಪ್ರಯೋಗಕ್ಕೆ ಜಾಗ ಹುಡುಕುವುದಾದರೆ ಚಿಕ್ಕಪಡಸಲಗಿಗೆ ಬರಲಿ.