ಮಂದ್ರಕ್ಕೆ ನಡುಮನೆಯೇ ಏಕೆ?

ಪಕ್ಕದ ಮನೆಯಲ್ಲಿ ಯಾರಾದರೂ ಜೋರಾಗಿ ಹಾಡು ಹಾಕಿದರೆ ಗೋಡೆ ದಾಟಿ ಬರುವುದು ಹಾಡಿನ ಮಾತುಗಳಲ್ಲ, ಗಾಯಕನ ದನಿಯೂ ಅಲ್ಲ. ‘ಧಮ್ ಧಮ್’ ಎಂಬ ದಪ್ಪ ಸದ್ದು ಮಾತ್ರ. ಅದು ಯಾವ ಮೂಲೆಯಿಂದ ಬರುತ್ತಿದೆ ಎಂದು ಹೇಳುವುದೂ ಕಷ್ಟ. ಇಡೀ ಗೋಡೆಯೇ ಗುಡುಗುತ್ತಿರುವಂತೆ ತೋರುತ್ತದೆ. ‘ಬೇಸ್’ ಎಂದು ಕರೆಯುವ ಮಂದ್ರ ಧ್ವನಿಯ ಸ್ವಭಾವವೇ ಅಂಥದು.

ಹೌಸ್, ಟೆಕ್ನೊ, ಡ್ರಮ್ ಅಂಡ್ ಬೇಸ್ ಮುಂತಾದ ಎಲೆಕ್ಟ್ರಾನಿಕ್ ನೃತ್ಯಸಂಗೀತಕ್ಕೆ ಈ ಬೇಸ್ ಬೆನ್ನೆಲುಬು. ಈ ಸಂಗೀತವನ್ನು ರೂಪಿಸುವವರಲ್ಲಿ ಒಂದು ಹಳೆಯ ಕಟ್ಟಳೆಯಿದೆ: ಉಳಿದ ಧ್ವನಿಗಳನ್ನು ಎಡಕ್ಕೋ ಬಲಕ್ಕೋ ಇಡಬಹುದು, ಬೇಸ್ ಮಾತ್ರ ನಟ್ಟನಡುವೆ ಇರಬೇಕು. ಮನೆಯ ಕಂಪ್ಯೂಟರಿನಲ್ಲೇ ಸಂಗೀತ ಸಂಯೋಜಿಸುವ ಹೊಸಬರಿಗೆ ಇದು ಅರ್ಥವಿಲ್ಲದ ನಿರ್ಬಂಧದಂತೆ ಕಾಣುತ್ತದೆ. ಒಂದು ಗುಂಡಿ ತಿರುಗಿಸಿದರೆ ಸಾಕು, ಬೇಸ್ ಎರಡೂ ಕಿವಿಗಳ ಆಚೆಗೆ ಹರಡಿಕೊಳ್ಳುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅದೇ ಹಾಡನ್ನು ಕ್ಲಬ್ಬಿನ ದೊಡ್ಡ ಸ್ಪೀಕರುಗಳಲ್ಲಿ ನುಡಿಸಿದಾಗ ಬೇಸ್ ಬಡಕಲಾಗುತ್ತದೆ. ಕೆಲವೊಮ್ಮೆ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಹೀಗೇಕೆ? ಉತ್ತರ ಹುಡುಕಲು ಗ್ರಾಮಾಫೋನ್ ತಟ್ಟೆಯ ಕಾಲಕ್ಕೆ ಹೋಗಬೇಕು.

ಒಂದೇ ಗೀರು, ಎರಡು ಧ್ವನಿ

ಎಡಕ್ಕೊಂದು, ಬಲಕ್ಕೊಂದು ಧ್ವನಿ ಕಳಿಸಿ ಕೇಳುಗನ ಮುಂದೆ ಇಡೀ ವೇದಿಕೆಯನ್ನೇ ತೆರೆದಿಡುವ ವಿಧಾನ ಸ್ಟೀರಿಯೋ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲುಮ್‌ಲೈನ್ 1931ರ ಡಿಸೆಂಬರಿನಲ್ಲಿ ಅದರ ಪೇಟೆಂಟಿಗೆ ಅರ್ಜಿ ಸಲ್ಲಿಸಿದಾಗ ಅವರಿಗೆ 28 ವರ್ಷ. ತಟ್ಟೆಯ ಒಂದೇ ಗೀರಿನಲ್ಲಿ ಎರಡೂ ಧ್ವನಿಗಳನ್ನು ಕೆತ್ತುವ ಉಪಾಯ ಅದರಲ್ಲಿತ್ತು. ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಗೀರಿಗೆ 45 ಡಿಗ್ರಿ ವಾಲಿದ ಎರಡು ಗೋಡೆಗಳು; ಒಂದು ಗೋಡೆಯಲ್ಲಿ ಎಡದ ಧ್ವನಿ, ಇನ್ನೊಂದರಲ್ಲಿ ಬಲದ ಧ್ವನಿ. ಇಂಥ ತಟ್ಟೆಗಳು ಮಾರುಕಟ್ಟೆಗೆ ವ್ಯಾಪಕವಾಗಿ ಬಂದದ್ದು 1958ರಲ್ಲಿ. ಅದನ್ನು ನೋಡಲು ಬ್ಲುಮ್‌ಲೈನ್ ಇರಲಿಲ್ಲ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ ಅಪಘಾತಕ್ಕೀಡಾಗಿ ಅವರು ತೀರಿಕೊಂಡಿದ್ದರು.

ಎರಡೂ ಕಡೆ ಒಂದೇ ಧ್ವನಿಯಿದ್ದರೆ ಇಂಥ ಗೀರಿನಲ್ಲಿ ಮುಳ್ಳು ಅಕ್ಕಪಕ್ಕಕ್ಕೆ ಓಲಾಡುತ್ತದೆ. ಎಡಬಲಗಳ ನಡುವೆ ವ್ಯತ್ಯಾಸವಿದ್ದರೆ ಅಷ್ಟರಮಟ್ಟಿಗೆ ಮೇಲೆ ಕೆಳಗೆ ಕುಣಿಯುತ್ತದೆ. ಬೇಸ್ ಧ್ವನಿಗೆ ದೊಡ್ಡ ಓಲಾಟ ಬೇಕು. ಎಡದ ಬೇಸ್ ಉಬ್ಬಿದಾಗ ಬಲದ ಬೇಸ್ ತಗ್ಗುವಂತಿದ್ದರೆ ಗೀರು ಒಂದು ಕಡೆ ವಿಪರೀತ ಆಳವಾಗಿ, ಇನ್ನೊಂದು ಕಡೆ ತೇಲಿ ಮಾಯವಾಗುತ್ತದೆ. ಅಲ್ಲಿ ಮುಳ್ಳು ಎಗರುತ್ತದೆ. ಹಾಗಾಗಿ ತಟ್ಟೆ ಕೆತ್ತುವ ಎಂಜಿನಿಯರುಗಳು ಒಂದು ಮಿತಿಗಿಂತ ಕೆಳಗಿನ ಬೇಸನ್ನೆಲ್ಲ ನಡುವಿಗೆ ತಂದು ಕೂರಿಸುತ್ತಿದ್ದರು. ಅದಕ್ಕೆಂದೇ ವಿಶೇಷ ಸರ್ಕಿಟ್ ಇತ್ತು.

1980ರ ದಶಕದಲ್ಲಿ ಅಮೆರಿಕದ ಷಿಕಾಗೋದಲ್ಲಿ ಹೌಸ್, ಡೆಟ್ರಾಯಿಟ್‌ನಲ್ಲಿ ಟೆಕ್ನೊ ಹುಟ್ಟಿದಾಗ ಅವುಗಳ ವಾಹನ 12 ಅಂಗುಲದ ತಟ್ಟೆಯೇ. ನೂರಾರು ಜನ ಕುಣಿಯುತ್ತಿರುವಾಗ ಮುಳ್ಳು ಎಗರಿದರೆ ಡಿಜೆಯ ಮಾನವೇ ಹೋದಂತೆ. ಬೇಸ್ ನುಡಿಸುವ ಯಂತ್ರಗಳಲ್ಲೂ ಹಲವು ಒಂಟಿ ಧ್ವನಿಯವು. ಜಪಾನಿನ ರೋಲೆಂಡ್ ಕಂಪನಿಯ ಟಿಬಿ-303 ಯಂತ್ರಕ್ಕೆ ಇದ್ದದ್ದು ಒಂದೇ ಆಸಿಲೇಟರ್. ಧ್ವನಿ ಹೊರಬರುವ ದಾರಿಯೂ ಒಂದೇ. ಷಿಕಾಗೋದ ಫ್ಯೂಚರ್ ತಂಡ 1987ರಲ್ಲಿ ಹೊರತಂದ ‘ಆಸಿಡ್ ಟ್ರ್ಯಾಕ್ಸ್’ ಈ ಯಂತ್ರದ ಚೀರುವ, ತಿರುಚುವ ನಾದದಿಂದಲೇ ಒಂದು ಹೊಸ ಶೈಲಿಗೆ ನಾಂದಿ ಹಾಡಿತು. ಅಗಲವಿಲ್ಲವೆಂದು ಅದು ಯಾರಿಗೂ ಸಣ್ಣದಾಗಿ ಕೇಳಿಸಲಿಲ್ಲ.

ಕಿವಿಯ ಲೆಕ್ಕ

ಆಮೇಲೆ ಸಿ.ಡಿ. ಬಂತು, ಕಂಪ್ಯೂಟರ್ ಫೈಲುಗಳು ಬಂದವು. ಎಗರಲು ಮುಳ್ಳೇ ಇಲ್ಲವಾಯಿತು. ಆದರೂ ಕಟ್ಟಳೆ ಉಳಿಯಿತು. ಏಕೆಂದರೆ ಅದಕ್ಕೆ ಇನ್ನೂ ಎರಡು ಆಧಾರಗಳಿವೆ.

ಮೊದಲನೆಯದು ನಮ್ಮ ಕಿವಿ. ಧ್ವನಿಯ ದಿಕ್ಕನ್ನು ಕಿವಿಗಳು ಎರಡು ಬಗೆಯಲ್ಲಿ ಪತ್ತೆ ಹಚ್ಚುತ್ತವೆ ಎಂದು ಲಾರ್ಡ್ ರ‍್ಯಾಲೆ 1907ರಲ್ಲಿ ವಿವರಿಸಿದರು. ತೀಕ್ಷ್ಣ ಧ್ವನಿಗೆ ತಲೆಯೇ ಅಡ್ಡ ನಿಂತು, ಆಚೆ ಕಿವಿಗೆ ಅದು ಸಣ್ಣದಾಗಿ ಕೇಳುತ್ತದೆ. ಮಂದ್ರ ಧ್ವನಿಗೆ ತಲೆ ಅಡ್ಡಿಯೇ ಅಲ್ಲ. ಸೆಕೆಂಡಿಗೆ 50 ಬಾರಿ, ಅಂದರೆ 50 ಹರ್ಟ್ಸ್‌ನಲ್ಲಿ ಕಂಪಿಸುವ ಧ್ವನಿಯ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಗೇಣುದ್ದದ ತಲೆಯನ್ನು ಅದು ಬಳಸಿಕೊಂಡು ಹೋಗುತ್ತದೆ. ಆಗ ಕಿವಿಗೆ ಉಳಿಯುವ ಸುಳಿವು ಎಂದರೆ ಎರಡು ಕಿವಿಗಳಿಗೆ ಧ್ವನಿ ತಲುಪುವ ಕಾಲದ ಅಲ್ಪ ಅಂತರ. ಅದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಕೋಣೆಯ ಗೋಡೆಗಳಿಂದ ಪುಟಿದು ಬರುವ ಅಲೆಗಳು ಆ ಸುಳಿವನ್ನೂ ಕಲಸಿಬಿಡುತ್ತವೆ. ಹೀಗಾಗಿ ಅತಿ ಮಂದ್ರ ಧ್ವನಿಯನ್ನು ಅಗಲಿಸಿದರೂ ಸ್ಪೀಕರಿನಲ್ಲಿ ಕೇಳುವವರಿಗೆ ಅದರ ಫಲ ಸಿಗುವುದು ಅಲ್ಪ.

ಕೂಡಿಸಿದರೆ ಕಳೆದುಹೋಗುವುದು

ಫಲ ಅಲ್ಪ, ನಷ್ಟ ಮಾತ್ರ ದೊಡ್ಡದು. ಇದು ಎರಡನೆಯ ಆಧಾರ. ಎಡಬಲಗಳನ್ನು ಕೂಡಿಸಿ ಒಂದೇ ಧ್ವನಿ ಮಾಡಿದರೆ ಅದು ಮೋನೋ. ಅನೇಕ ಕ್ಲಬ್ಬುಗಳಲ್ಲಿ ಬೇಸ್ ಸ್ಪೀಕರುಗಳಿಗೆ ಹೋಗುವುದು ಹೀಗೆ ಕೂಡಿಸಿದ ಧ್ವನಿ. ಒಂದೇ ಸ್ಪೀಕರಿನ ರೇಡಿಯೊ, ಅಂಗಡಿಯ ಮೂಲೆಯಲ್ಲಿಟ್ಟ ಪುಟ್ಟ ಬ್ಲೂಟೂತ್ ಪೆಟ್ಟಿಗೆ ಇವೂ ಅಷ್ಟೇ. ಒಂದು ಕಡೆ ಅಲೆ ಉಬ್ಬಿದಾಗ ಇನ್ನೊಂದು ಕಡೆ ತಗ್ಗಿದರೆ ಕೂಡಿಸಿದಾಗ ಸಿಗುವುದು ಸೊನ್ನೆ.

ಧ್ವನಿಯನ್ನು ಅಗಲಿಸಲು ಬಳಸುವ ಒಂದು ಸುಲಭ ತಂತ್ರವನ್ನೇ ನೋಡಬಹುದು. ಬಲಗಡೆಯ ಧ್ವನಿಯನ್ನು ಎಡಕ್ಕಿಂತ 10 ಮಿಲಿಸೆಕೆಂಡ್ ತಡವಾಗಿ ಬಿಡುವುದು. ಹೆಡ್‌ಫೋನಿನಲ್ಲಿ ಧ್ವನಿ ತಟ್ಟನೆ ವಿಸ್ತಾರಗೊಂಡಂತೆ ಕೇಳುತ್ತದೆ. ಆದರೆ 50 ಹರ್ಟ್ಸ್ ಧ್ವನಿಯ ಒಂದು ಅಲೆ ಮುಗಿಯಲು 20 ಮಿಲಿಸೆಕೆಂಡ್ ಬೇಕು. 10 ಎಂದರೆ ಸರಿಯಾಗಿ ಅರ್ಧ. ಎಡದ ಉಬ್ಬಿನ ಮೇಲೆ ಬಲದ ತಗ್ಗು ಬಂದು ಕೂರುತ್ತದೆ. ಮೋನೋದಲ್ಲಿ ಆ ಸ್ವರ ಪೂರ್ತಿ ಅಳಿಸಿಹೋಗುತ್ತದೆ.

ಇನ್ನೊಂದು ತಂತ್ರ ಎರಡು ಧ್ವನಿಗಳ ಶ್ರುತಿಯನ್ನು ಕೂದಲೆಳೆಯಷ್ಟು ತಪ್ಪಿಸುವುದು. ತಂಬೂರಿಯ ಎರಡು ತಂತಿಗಳು ಇನ್ನೂ ಪೂರ್ತಿ ಕೂಡಿಕೊಳ್ಳದಿದ್ದಾಗ ನಾದ ಅಲೆಅಲೆಯಾಗಿ ಏರಿಳಿಯುವುದನ್ನು ಶ್ರುತಿ ಮಾಡುವವರು ಬಲ್ಲರು. ಡೆಟ್ರಾಯಿಟ್‌ನ ಕೆವಿನ್ ಸಾಂಡರ್‌ಸನ್ ‘ರೀಸ್’ ಎಂಬ ಹೆಸರಿನಲ್ಲಿ 1988ರಲ್ಲಿ ಹೊರತಂದ ‘ಜಸ್ಟ್ ವಾಂಟ್ ಅನದರ್ ಚಾನ್ಸ್’ ಹಾಡಿನ ಬೇಸ್ ಇಂಥದೇ ಅಲೆಯಿಂದ ಹುಟ್ಟಿದ್ದು. ಮುಂದೆ ಬ್ರಿಟನ್ನಿನ ಜಂಗಲ್, ಡ್ರಮ್ ಅಂಡ್ ಬೇಸ್ ಸಂಗೀತಗಾರರು ಅದನ್ನು ಮತ್ತೆ ಮತ್ತೆ ಬಳಸಿದರು. ‘ರೀಸ್ ಬೇಸ್’ ಎಂಬ ಹೆಸರೇ ನಿಂತಿತು. ಇದನ್ನು ಅಗಲಿಸುವ ಆಸೆಗೆ 55 ಹರ್ಟ್ಸ್ ಧ್ವನಿಯನ್ನು ಎಡಕ್ಕೂ 55.5 ಹರ್ಟ್ಸ್ ಧ್ವನಿಯನ್ನು ಬಲಕ್ಕೂ ಇಟ್ಟರೆ ಹೆಡ್‌ಫೋನಿನಲ್ಲಿ ಸೊಗಸಾದ ಹೊರಳಾಟ ಕೇಳುತ್ತದೆ. ಮೋನೋದಲ್ಲಾದರೋ ಪ್ರತಿ ಎರಡು ಸೆಕೆಂಡಿಗೊಮ್ಮೆ ಬೇಸ್ ಅಡಗಿ ಮತ್ತೆ ಏಳುತ್ತದೆ.

ಅಗಲವೆಲ್ಲ ಮೇಲುಗಡೆ

ಹಾಗಾದರೆ ಅಗಲವಾದ ಬೇಸ್ ಕೇಳಿಬರುವುದೇ ಇಲ್ಲವೆ? ಧಾರಾಳವಾಗಿ ಕೇಳಿಬರುತ್ತದೆ. ನುರಿತವರು ಒಂದೇ ಬೇಸನ್ನು ಎರಡು ಪದರಗಳಾಗಿ ಸೀಳುತ್ತಾರೆ. ಸುಮಾರು 100ರಿಂದ 150 ಹರ್ಟ್ಸ್‌ಗಿಂತ ಕೆಳಗಿನ ಪದರವನ್ನು ಅಲ್ಲಾಡಿಸದೆ ನಡುವೆ ನಿಲ್ಲಿಸುತ್ತಾರೆ. ಮೇಲಿನ ಪದರದ ಗೊರಗೊರ, ಕರಕರಗಳನ್ನು ಎಡಬಲಕ್ಕೆ ಹರಡುತ್ತಾರೆ. ಎರಡೂ ಒಂದೇ ಲಯದಲ್ಲಿ, ಒಂದೇ ಸ್ವರದಲ್ಲಿ ನಡೆಯುವುದರಿಂದ ಕೇಳುಗನ ಮನಸ್ಸು ಅವನ್ನು ಒಂದೇ ವಾದ್ಯವೆಂದು ಬೆಸೆದುಕೊಳ್ಳುತ್ತದೆ. ನಡುಗಂಬ ಗಟ್ಟಿಯಿದ್ದರೆ ಚಪ್ಪರವನ್ನು ಅಗಲಕ್ಕೆ ಹಾಸಬಹುದಲ್ಲ, ಹಾಗೆ.

ಇಲ್ಲೂ ಒಂದು ಎಚ್ಚರ ಬೇಕು. ಮೊಬೈಲ್ ಫೋನಿನ ಪುಟ್ಟ ಸ್ಪೀಕರಿಗೆ 50 ಹರ್ಟ್ಸ್ ನುಡಿಸುವ ಶಕ್ತಿಯೇ ಇಲ್ಲ. ಆದರೂ ಅದರಲ್ಲಿ ಬೇಸ್ ಕೇಳಿದಂತಾಗುವುದು 100, 150, 200 ಹರ್ಟ್ಸ್‌ಗಳಲ್ಲಿರುವ ಅದರ ಉಪಸ್ವರಗಳಿಂದ. ಅವನ್ನು ಕೇಳಿದ ಮಿದುಳು ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಮೇಲಿನ ಪದರವನ್ನು ಅತಿಯಾಗಿ ಹರಡಿ ಅದೂ ಮೋನೋದಲ್ಲಿ ಅಳಿದರೆ ಫೋನಿನ ಕೇಳುಗನಿಗೆ ಸ್ವರವೂ ಇಲ್ಲ, ಅದರ ನೆರಳೂ ಇಲ್ಲ. ಆದ್ದರಿಂದ ಮೇಲಿನ ಪದರದ ಒಂದು ಪಾಲನ್ನೂ ನಡುವೆ ಉಳಿಸುವುದು ವಾಡಿಕೆ.

ಇಷ್ಟರಲ್ಲಿ ಹಳೆಯ ತಟ್ಟೆಯೂ ಮರಳಿ ಬಂದಿದೆ. 2022ರಲ್ಲಿ ಅಮೆರಿಕದಲ್ಲಿ ತಟ್ಟೆಗಳು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. 1987ರಿಂದೀಚೆಗೆ ಹಾಗಾದದ್ದು ಅದೇ ಮೊದಲು. ಮುಳ್ಳು ಎಗರುವ ಚಿಂತೆಯೂ ಅದರೊಂದಿಗೆ ಮರಳಿತು.

ಹೆಡ್‌ಫೋನ್ ತೊಟ್ಟು ಕುಳಿತ ಸಂಯೋಜಕ ಒಬ್ಬನೇ ಒಬ್ಬ ಕೇಳುಗ. ಅವನ ಹಾಡನ್ನು ಮುಂದೆ ಯಾರು, ಎಲ್ಲಿ, ಎಂಥ ಪೆಟ್ಟಿಗೆಯಲ್ಲಿ ಕೇಳುವರೋ ಅವನಿಗೆ ತಿಳಿಯದು. ಸ್ಟುಡಿಯೋಗಳಲ್ಲಿ ‘ಮೋನೋ’ ಎಂಬ ಗುಂಡಿ ಇಂದಿಗೂ ಉಳಿದಿರುವುದು ಇದಕ್ಕಾಗಿಯೇ. ಅದನ್ನು ಒತ್ತಿದಾಗ ಅಗಲವೆಲ್ಲ ಮಡಚಿಕೊಳ್ಳುತ್ತದೆ. ಆಗಲೂ ಬೇಸ್ ಎದೆಗೆ ತಟ್ಟಿದರೆ ಹಾಡು ಹೊರಗೆ ಹೋಗಲು ಸಿದ್ಧವಾಯಿತು ಎಂದರ್ಥ.