ನಾನ್‌ಕಾಯ್ ಕಂದಕದ ಸದ್ದಿಲ್ಲದ ಜಾರಾಟ

2024ರ ಆಗಸ್ಟ್ 8ರಂದು ಜಪಾನಿನ ಕ್ಯೂಶು ದ್ವೀಪದಾಚೆಯ ಕಡಲಲ್ಲಿ 7.1 ತೀವ್ರತೆಯ ಭೂಕಂಪವಾಯಿತು. ಯಾರೂ ಸಾಯಲಿಲ್ಲ. ಆದರೂ ಅಲ್ಲಿನ ಹವಾಮಾನ ಸಂಸ್ಥೆ ಅದುವರೆಗೆ ಒಮ್ಮೆಯೂ ಕೊಡದಿದ್ದ ಎಚ್ಚರಿಕೆಯೊಂದನ್ನು ಅದೇ ದಿನ ಕೊಟ್ಟಿತು: ಜಪಾನಿನ ದಕ್ಷಿಣಕ್ಕೆ ಕಡಲತಳದಲ್ಲಿರುವ ನಾನ್‌ಕಾಯ್ ಕಂದಕದಲ್ಲಿ ಮಹಾಕಂಪನದ ಸಂಭವ ಸಾಮಾನ್ಯ ದಿನಗಳಿಗಿಂತ ಹೆಚ್ಚಿದೆ. ಹೆಚ್ಚೆಂದರೆ ಎಷ್ಟು? ವಾರದೊಳಗೆ ಆಗುವ ಸಾಧ್ಯತೆ ಕೆಲವು ನೂರರಲ್ಲಿ ಒಂದು. ವಾರ ಕಳೆಯಿತು, ಏನೂ ಆಗಲಿಲ್ಲ.

ಅದನ್ನು ಹುಸಿ ಎಚ್ಚರಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 2011ರ ಮಾರ್ಚ್ 9ರಂದು ಈಶಾನ್ಯ ಜಪಾನಿನ ತೊಹೊಕು ಕಡಲಲ್ಲಿ 7.3ರ ಕಂಪನವಾಗಿತ್ತು, ಎರಡೇ ದಿನಕ್ಕೆ 9.0 ಬಂತು. ಅದಕ್ಕೂ ಮುಂಚಿನ ದಿನಗಳ ಸಣ್ಣ ಕಂಪನಗಳನ್ನು ವಿಜ್ಞಾನಿಗಳು ಆಮೇಲೆ ಜೋಡಿಸಿ ನೋಡಿದಾಗ, ಅವು ಮಹಾಕಂಪನ ಹುಟ್ಟಿದ ಜಾಗದತ್ತಲೇ ಸರಿದು ಬಂದಿದ್ದು ಕಂಡಿತು. ಭೂಫಲಕ ಅಲ್ಲಿ ಮೆಲ್ಲಗೆ ಜಾರುತ್ತಿತ್ತು.

ನಾನ್‌ಕಾಯ್‌ನಲ್ಲಿ ಕೊನೆಯ ಮಹಾಕಂಪನಗಳಾದದ್ದು 1944 ಮತ್ತು 1946ರಲ್ಲಿ. ಅಂದಿನಿಂದಲೂ ಫಿಲಿಪೀನ್ ಸಮುದ್ರ ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ ಜಪಾನಿನಡಿಗೆ ನುಗ್ಗುತ್ತಿದೆ. ಈಗ ಅಲ್ಲಿ ಕಡಲತಳದ ಕೇಬಲ್‌ಗಳುದ್ದಕ್ಕೂ ಕಂಪನಮಾಪಕ, ಒತ್ತಡಮಾಪಕಗಳಿವೆ; ತಳದಲ್ಲಿ ಕೊರೆದ ಬಾವಿಗಳೊಳಗೂ ಉಪಕರಣಗಳನ್ನು ಇಳಿಸಿದ್ದಾರೆ. ಆ ಬಾವಿಗಳು ಹೇಳಿದ್ದಿದು: ಕಂದಕದ ಬಳಿ 8ರಿಂದ 15 ತಿಂಗಳಿಗೊಮ್ಮೆ ಫಲಕ ಒಂದರಿಂದ ನಾಲ್ಕು ಸೆಂಟಿಮೀಟರ್ ಸದ್ದಿಲ್ಲದೆ ಜಾರುತ್ತದೆ. ಜೊತೆಗೆ ದಡದಲ್ಲಿ ಯಾರಿಗೂ ತಿಳಿಯದಷ್ಟು ಸಣ್ಣ ನಡುಕ. ಫಲಕದ ಚಲನೆಯಲ್ಲಿ ಸುಮಾರು ಮೂರನೇ ಒಂದರಿಂದ ಅರ್ಧದಷ್ಟು ಹೀಗೆ ತೀರಿಹೋಗುತ್ತದೆ. ಇದು ಕಂದಕದಂಚಿನ ಲೆಕ್ಕ ಮಾತ್ರ. ಇನ್ನೂ ಆಳದಲ್ಲಿ ಫಲಕಗಳು ಬಿಗಿಯಾಗಿ ಕಚ್ಚಿಕೊಂಡಿವೆ. ಅಲ್ಲಿ ಒತ್ತಡ ಕೂಡುತ್ತಲೇ ಇದೆ.

ತೊಡಕಿರುವುದು ಇಲ್ಲಿ. ಇಂಥ ಬಹುಪಾಲು ಜಾರಾಟಗಳ ಹಿಂದೆ ದೊಡ್ಡದೇನೂ ಬರುವುದಿಲ್ಲ. ಯಾವುದು ಮುನ್ಸೂಚನೆ, ಯಾವುದು ಬರೀ ಜಾರಾಟ ಎಂದು ಆ ಕ್ಷಣದಲ್ಲಿ ಹೇಳುವ ವಿಧಾನವಿಲ್ಲ. ಮಹಾಕಂಪನಕ್ಕೆ ಎರಡು ಗಂಟೆ ಮುಂಚೆ ಜಿಪಿಎಸ್‌ನಲ್ಲಿ ಸುಳಿವು ಸಿಗುತ್ತದೆಂದು 2023ರಲ್ಲಿ ಒಂದು ಅಧ್ಯಯನ ಹೇಳಿತು. ಬೇರೆಯವರು ದತ್ತಾಂಶದ ಗದ್ದಲವನ್ನು ಸೋಸಿದಾಗ ಆ ಸುಳಿವೇ ಕಾಣದಾಯಿತು.

2025ರ ಸರ್ಕಾರಿ ಅಂದಾಜಿನಂತೆ, ನಾನ್‌ಕಾಯ್ ಮಹಾಕಂಪನದಲ್ಲಿ ಅತಿ ಕೆಟ್ಟ ಸಂದರ್ಭದಲ್ಲಿ 2,98,000 ಜನ ಸಾಯಬಹುದು. ಅವರಲ್ಲಿ ಸುಮಾರು 2,15,000 ಜನ ಸುನಾಮಿಗೇ. ಹೊಸ ಕೇಬಲ್ ಜಾಲಗಳು ಸುನಾಮಿಯನ್ನು ಮೊದಲಿಗಿಂತ 20 ನಿಮಿಷದವರೆಗೆ ಬೇಗ ಪತ್ತೆಹಚ್ಚಬಲ್ಲವು. ದೂರದ ದಡಗಳಿಗೆ ಅದು ದೊಡ್ಡ ಲಾಭ. ಕಂದಕಕ್ಕೆ ಹತ್ತಿರದ ಕೆಲವು ಊರುಗಳಿಗಾದರೋ ಮೊದಲ ಅಲೆ ಕೆಲವೇ ನಿಮಿಷಗಳಲ್ಲಿ ಬಂದುಬಿಡುತ್ತದೆ. ಅಲ್ಲಿನವರು ನೆಲದ ಅಲುಗಾಟವನ್ನೇ ಸೈರನ್ ಎಂದುಕೊಂಡು ಎತ್ತರದ ಜಾಗಕ್ಕೆ ಓಡಬೇಕು.