ಕಂಬಿಯ ಹಿಗ್ಗು ಎಲ್ಲಿ ಹೋಯಿತು?

ರೈಲುಬಂಡಿಯಲ್ಲಿ ದೂರ ಪ್ರಯಾಣ ಮಾಡಿದ ಹಿರಿಯರನ್ನು ಕೇಳಿದರೆ, ಗಾಲಿಗಳು ರಾತ್ರಿಯೆಲ್ಲ ಒಂದೇ ಲಯದಲ್ಲಿ ‘ಟಕ್ ಟಕ್, ಟಕ್ ಟಕ್’ ಎಂದು ಸದ್ದು ಮಾಡುತ್ತಿದ್ದುದನ್ನು ಮರೆಯದೆ ಹೇಳುತ್ತಾರೆ. ಇಂದು ಮುಖ್ಯ ಮಾರ್ಗಗಳಲ್ಲಿ ಆ ಸದ್ದು ಬಹುಮಟ್ಟಿಗೆ ಅಡಗಿಹೋಗಿದೆ. ಇದು ಸಾಮಾನ್ಯ ಸಂಗತಿಯೆಂದು ತೋರಬಹುದು. ಆದರೆ ಉಷ್ಣದ ಪಾಠವನ್ನು ಓದಿದ ವಿದ್ಯಾರ್ಥಿಗೆ ಇದೊಂದು ಒಗಟಾಗಬೇಕು.

ಹಿಂದೆ ಒಂದೊಂದು ಕಂಬಿಯೂ ಸಾಮಾನ್ಯವಾಗಿ 13 ಮೀಟರು ಉದ್ದವಿರುತ್ತಿದ್ದಿತು. ಎರಡು ಕಂಬಿಗಳು ಸಂಧಿಸುವೆಡೆಯಲ್ಲಿ ಕೆಲವು ಮಿಲಿಮೀಟರುಗಳ ತೆರವನ್ನು ಬಿಟ್ಟು, ಇಕ್ಕೆಲಗಳಲ್ಲಿ ಉಕ್ಕಿನ ಪಟ್ಟಿಗಳನ್ನಿಟ್ಟು ಬೋಲ್ಟುಗಳಿಂದ ಬಿಗಿಯುತ್ತಿದ್ದರು. ಗಾಲಿಯು ಆ ತೆರವನ್ನು ದಾಟುವಾಗಲೆಲ್ಲ ಸದ್ದಾಗುತ್ತಿತ್ತು. ತೆರವನ್ನು ಬಿಡುವುದೇಕೆ ಎಂಬುದನ್ನು ಶಾಲೆಯ ಪುಸ್ತಕಗಳೇ ತಿಳಿಸುತ್ತವೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 13 ಮೀಟರಿನ ಕಂಬಿ 40 ಡಿಗ್ರಿಯಷ್ಟು ಕಾದರೆ ಸುಮಾರು 6 ಮಿಲಿಮೀಟರು ಬೆಳೆಯುತ್ತದೆ. ಆ ಬೆಳವಣಿಗೆಗೆಂದೇ ತೆರವು.

ಈಗಲಾದರೋ ಕಂಬಿಗಳನ್ನು ಒಂದಕ್ಕೊಂದು ಬೆಸೆದು, ಹಲವು ಕಿಲೋಮೀಟರು ಉದ್ದದ ಒಂದೇ ಕಂಬಿಯನ್ನಾಗಿ ಮಾಡುತ್ತಾರೆ. ನಡುವೆ ಕೂದಲೆಳೆಯಷ್ಟೂ ತೆರವಿಲ್ಲ. ಲೆಕ್ಕದ ಪ್ರಕಾರ, ಒಂದು ಕಿಲೋಮೀಟರು ಉದ್ದದ ಕಂಬಿ 20 ಡಿಗ್ರಿ ಕಾದರೆ 24 ಸೆಂಟಿಮೀಟರು ಹಿಗ್ಗಬೇಕು. ಆ ಹಿಗ್ಗು ಎಲ್ಲಿ ಹೋಯಿತು? ಉಷ್ಣದ ನಿಯಮವೇ ಬದಲಾಯಿತೆ?

ಮೊದಲು ಕಂಬಿ ಕಾಯುವ ಬಗೆಯನ್ನು ನೋಡೋಣ. ರಾಯಚೂರಿನ ಬೇಸಗೆಯ ನಡುಹಗಲಿನಲ್ಲಿ ನೆರಳಿನ ಉಷ್ಣತೆ 42 ಡಿಗ್ರಿ ಇದೆಯೆಂದು ಇಟ್ಟುಕೊಳ್ಳಿ. ಆಗ ಬಿಸಿಲಿನಲ್ಲಿರುವ ಕಂಬಿ 60 ಡಿಗ್ರಿಯನ್ನು ಮುಟ್ಟಬಹುದು. ಗಾಳಿಗಿಂತ ಕಂಬಿ ಹೆಚ್ಚು ಬಿಸಿಯಾಗುವುದು ಹೇಗೆ? ಸೂರ್ಯನ ಶಾಖವು ವಿಕಿರಣದ ಮೂಲಕ, ನಡುವಣ ಗಾಳಿಯನ್ನು ಹೆಚ್ಚಾಗಿ ಕಾಯಿಸದೆಯೇ, ನೇರವಾಗಿ ಕಂಬಿಗೆ ಬಂದು ಸೇರುತ್ತದೆ. ತುಕ್ಕಿನಿಂದ ಕಂದಿದ ಅದರ ಮೈ ಆ ಶಾಖವನ್ನು ಚೆನ್ನಾಗಿ ಹೀರುತ್ತದೆ. ಮೇಲ್ಮೈಯಿಂದ ಒಳಕ್ಕೆ ಶಾಖ ಹರಿಯುವುದು ವಹನದಿಂದ. ಉಕ್ಕಿನೊಳಗೆ ಈ ವಹನ ಸುಲಭ. ಕೆಳಗಿನ ಕಾಂಕ್ರೀಟು ಸ್ಲೀಪರುಗಳೂ ಜಲ್ಲಿಕಲ್ಲುಗಳೂ ಅಷ್ಟು ಒಳ್ಳೆಯ ವಾಹಕಗಳಲ್ಲ. ಕಂಬಿಯ ಶಾಖವನ್ನು ಗಾಳಿಯು ಸಂವಹನದಿಂದ ಸ್ವಲ್ಪಸ್ವಲ್ಪವಾಗಿ ಒಯ್ಯುತ್ತದೆ. ಗಾಳಿ ನಿಂತರೆ ಆ ದಾರಿಯೂ ಕಿರಿದಾಗುತ್ತದೆ. ಹೀಗೆ ಬರುವ ಶಾಖ ಹೆಚ್ಚಾಗಿ, ಹೋಗುವ ಶಾಖ ಕಡಿಮೆಯಾದಾಗ ಕಂಬಿ ಕಾಯುತ್ತದೆ.

ಕಾದ ಉಕ್ಕಿನಲ್ಲಿ ಪರಮಾಣುಗಳ ಕಂಪನ ಹೆಚ್ಚುತ್ತದೆ. ನೆರೆಯ ಪರಮಾಣುಗಳು ಒಂದನ್ನೊಂದು ಒತ್ತಿ ಸಮೀಪಿಸುವುದು ಕಷ್ಟ; ದೂರ ಸರಿಯುವುದು ಅದಕ್ಕಿಂತ ಸುಲಭ. ಆದುದರಿಂದ ಕಂಪನ ಹೆಚ್ಚಿದಂತೆ ಅವುಗಳ ಸರಾಸರಿ ಅಂತರವು ಹೆಚ್ಚುತ್ತದೆ. ಇದೇ ಹಿಗ್ಗುವಿಕೆಯ ಮೂಲ.

ಹಿಗ್ಗಲು ಹೊರಟ ವಸ್ತುವನ್ನು ತಡೆದರೆ ಏನಾಗುತ್ತದೆ? ಉತ್ತರದ ಸುಳಿವು ಹಳ್ಳಿಯ ಕಮ್ಮಾರನ ಬಳಿ ಇದೆ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟೆಯನ್ನು ಅವನು ಚಕ್ರಕ್ಕಿಂತ ತುಸು ಕಿರಿದಾಗಿಯೇ ಮಾಡುತ್ತಾನೆ. ಸುತ್ತಲೂ ಬೆರಣಿ ಒಟ್ಟಿ ಅದನ್ನು ಕೆಂಪಗೆ ಕಾಯಿಸಿದಾಗ ಪಟ್ಟೆ ಹಿಗ್ಗಿ ಚಕ್ರದ ಮೇಲೆ ಕೂರುತ್ತದೆ. ನೀರು ಹೊಯ್ದೊಡನೆ ಅದು ಕುಗ್ಗಲು ಹವಣಿಸುತ್ತದೆ. ಒಳಗಿನ ಮರ ಬಿಡುವುದಿಲ್ಲ. ಆಗ ಕುಗ್ಗಲಾರದ ಪಟ್ಟೆಯು ಬಲವಾಗಿ ಎಳೆದುಕೊಂಡು, ಚಕ್ರದ ಕೀಲುಗಳನ್ನೆಲ್ಲ ಬಿಗಿಯುತ್ತದೆ. ತಡೆಯಲ್ಪಟ್ಟ ಬದಲಾವಣೆ ಬಲವಾಗಿ ಉಳಿದುಕೊಂಡಿತು.

ಬೆಸೆದ ಕಂಬಿಯಲ್ಲಿ ನಡೆಯುವುದೂ ಇದೇ. ಮೀಟರಿಗೆ 60 ಕಿಲೋಗ್ರಾಂ ತೂಗುವ ಕಂಬಿಯ ಹಿಗ್ಗನ್ನು ತಡೆದರೆ, ಪ್ರತಿ ಡಿಗ್ರಿಗೂ ಅದರಲ್ಲಿ ಸುಮಾರು 1.9 ಟನ್ನು ಭಾರಕ್ಕೆ ಸಮನಾದ ಒತ್ತುಬಲ ಹುಟ್ಟುತ್ತದೆ. ಅಚ್ಚರಿಯೆಂದರೆ, ಈ ಬಲವು ಕಂಬಿಯ ಉದ್ದವನ್ನು ಅವಲಂಬಿಸಿಲ್ಲ. ಹತ್ತು ಕಿಲೋಮೀಟರಿನ ಕಂಬಿಯಾದರೂ ಒಂದೊಂದು ಮೀಟರಿನ ಪಾಲಿಗೆ ಬರುವ ಹಿಗ್ಗು ಅಷ್ಟೇ. ಅದನ್ನು ತಡೆಯಲು ಬೇಕಾದ ಬಲವೂ ಅಷ್ಟೇ. ಇದನ್ನು ಅರಿತದ್ದರಿಂದಲೇ ತೆರವಿಲ್ಲದ ಮಾರ್ಗವನ್ನು ಹಾಕುವುದು ಸಾಧ್ಯವಾಯಿತು. ಭಾರವಾದ ಸ್ಲೀಪರುಗಳೂ, ಕಂಬಿಯನ್ನು ಅವುಗಳಿಗೆ ಕಚ್ಚಿಸುವ ಉಕ್ಕಿನ ಕೊಂಡಿಗಳೂ, ಸುತ್ತ ತುಂಬಿದ ಜಲ್ಲಿಯೂ ಸೇರಿ ಕಂಬಿಯನ್ನು ಹಿಡಿದಿಡುತ್ತವೆ. ತುದಿಗಳ ಸಮೀಪದ ಭಾಗ ಮಾತ್ರ ಸ್ವಲ್ಪ ಸರಿದಾಡುತ್ತದೆ. ಅದಕ್ಕೆ ಅಲ್ಲಿ ವಿಶೇಷ ಜೋಡಣೆಯಿರುತ್ತದೆ. ನಡುವಣ ಭಾಗ ಕದಲುವುದೇ ಇಲ್ಲ.

ಆದುದರಿಂದ ಕಂಬಿಯನ್ನು ಯಾವ ಉಷ್ಣತೆಯಲ್ಲಿ ಬಿಗಿಯಬೇಕೆಂಬುದು ಮುಖ್ಯವಾದ ಪ್ರಶ್ನೆ. 40 ಡಿಗ್ರಿಯಲ್ಲಿ ಬಿಗಿದ ಕಂಬಿಯು 60 ಡಿಗ್ರಿಗೆ ಏರಿದರೆ ಅದರಲ್ಲಿ 38 ಟನ್ನಿನ ಒತ್ತುಬಲ. ಚಳಿಗಾಲದ ರಾತ್ರಿ 15 ಡಿಗ್ರಿಗೆ ಇಳಿದರೆ 47 ಟನ್ನಿಗೂ ಮಿಕ್ಕ ಎಳೆತ. ಒತ್ತು ಮಿತಿಮೀರಿದರೆ, ಅಥವಾ ಒಂದೆಡೆ ಜಲ್ಲಿ ಸಡಿಲವಾದರೆ, ಇಡೀ ಮಾರ್ಗವು ಕ್ಷಣದಲ್ಲಿ ಹಾವಿನಂತೆ ಪಕ್ಕಕ್ಕೆ ಬಾಗಿಬಿಡಬಹುದು. ಎಳೆತ ಮಿತಿಮೀರಿದರೆ ಕಂಬಿ ಅಥವಾ ಬೆಸುಗೆ ಮುರಿಯಬಹುದು. ಮೊದಲನೆಯ ಅಪಾಯವೇ ಹೆಚ್ಚು ಘೋರವಾದುದರಿಂದ, ಆ ಪ್ರದೇಶದಲ್ಲಿ ಕಂಬಿಯು ಮುಟ್ಟುವ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಗಳ ಸರಾಸರಿಗಿಂತ ತುಸು ಹೆಚ್ಚಿನ ಉಷ್ಣತೆಯಲ್ಲಿ ಅದನ್ನು ಬಿಗಿಯುತ್ತಾರೆ.

ಇಷ್ಟಾದರೂ ಲೆಕ್ಕವೊಂದನ್ನೇ ನಂಬಿ ಕೂರುವಂತಿಲ್ಲ. ಬೇಸಗೆಯಲ್ಲಿ ಕಂಬಿಯ ಉಷ್ಣತೆ ಗೊತ್ತಾದ ಮಿತಿಯನ್ನು ದಾಟಿದಾಗ, ರೈಲ್ವೆ ಕೆಲಸಗಾರರು ಉರಿಬಿಸಿಲಿನಲ್ಲಿ ಮಾರ್ಗದುದ್ದಕ್ಕೂ ನಡೆದು, ಎಲ್ಲಿಯಾದರೂ ಕಂಬಿ ಓರೆಯಾಗಿದೆಯೇ ಎಂದು ನೋಡುತ್ತಾರೆ. ಚಳಿಗಾಲದ ರಾತ್ರಿಗಳಲ್ಲಿ ಬಿರುಕನ್ನು ಅರಸಿ ಮತ್ತೆ ಹೊರಡುತ್ತಾರೆ.

ಈಗ ನಮ್ಮ ಒಗಟು ಬಿಡಿಸಿತು. ಹಿಗ್ಗು ಎಲ್ಲಿಗೂ ಹೋಗಿಲ್ಲ. ಬಲದ ರೂಪದಲ್ಲಿ ಕಂಬಿಯೊಳಗೇ ಅಡಗಿ ಕುಳಿತಿದೆ. ಮುಂದಿನ ಸಲ ಬೇಸಗೆಯ ಮಧ್ಯಾಹ್ನ ನಿಮ್ಮ ಬಂಡಿ ಸದ್ದಿಲ್ಲದೆ ಜಾರುತ್ತ ಸಾಗುವಾಗ, ಕೆಳಗಿನ ಕಂಬಿಗಳಲ್ಲಿರುವ ಆ ಹತ್ತಾರು ಟನ್ನುಗಳ ಒತ್ತನ್ನೂ, ಅದನ್ನು ಕಾಯುತ್ತ ಬಿಸಿಲಿನಲ್ಲಿ ನಡೆಯುತ್ತಿರುವವರನ್ನೂ ನೆನೆದುಕೊಳ್ಳಿ.